ಸೈಲೆನ್ಸರಿನ ಉಕ್ತಲೇಖನ

ಈಚೆಗೆ ಲೋಕದಲ್ಲಿ ಯಾರಿಗೂ ಬಾಯಿಬಿಟ್ಟು ಮಾತಾಡಲು ಬರುವುದಿಲ್ಲ. ಇದು ನನ್ನ ಮೊದಲನೆಯ ದೂರು. ಬಸ್ಸಿನ ಕಂಡಕ್ಟರು, ಔಷಧಿ ಅಂಗಡಿಯವನು, ಬ್ಯಾಂಕಿನ ಕೌಂಟರಿನ ಹುಡುಗಿ, ಎಲ್ಲರೂ ತುಟಿ ಮಾತ್ರ ಅಲ್ಲಾಡಿಸುತ್ತಾರೆ, ಮಾತನ್ನು ಒಳಗೇ ಇಟ್ಟುಕೊಳ್ಳುತ್ತಾರೆ. ನಾನು ಇಪ್ಪತ್ತೇಳು ವರ್ಷದಿಂದ ಸ್ಕೂಲಿನಲ್ಲಿ ಭಾಷೆಯ ಪಾಠ ಹೇಳುತ್ತಿರುವ ಮೇಷ್ಟ್ರು. ಹ್ರಸ್ವ, ದೀರ್ಘ, ಅಲ್ಪಪ್ರಾಣ, ಮಹಾಪ್ರಾಣಗಳಿಗೆ ನಾನೇ ಕಾವಲುಗಾರ. ಉಕ್ತಲೇಖನದಲ್ಲಿ ಒಂದು ದೀರ್ಘ ತಪ್ಪಿದರೆ ಅರ್ಧ ಅಂಕ ಕತ್ತರಿಸುತ್ತೇನೆ, ಕೃಪಾಂಕದ ಮಾತೇ ಇಲ್ಲ. ಅಂಥ ನನ್ನ ಕಣ್ಣೆದುರೇ (ಕಿವಿಯೆದುರೇ ಎನ್ನಬೇಕಿತ್ತು) ಭಾಷೆಯೆಲ್ಲ ಗೊಣಗಾಟವಾಗಿ ಹೋಗುತ್ತಿರುವುದನ್ನು ಕಂಡು ಹೊಟ್ಟೆ ಉರಿಯುತ್ತಿತ್ತು.

ಮನೆಯಲ್ಲೂ ಅದೇ ಕಥೆ. ನನ್ನ ಹೆಂಡತಿ ಟೈಲರ್. ಮುಂದಿನ ರೂಮಿನಲ್ಲಿ ಮೆಷಿನ್ ಹಾಕಿಕೊಂಡು ಬೀದಿಯ ಅರ್ಧ ಜನಕ್ಕೆ ಬಟ್ಟೆ ಹೊಲಿದುಕೊಡುತ್ತಾಳೆ. ಹೊಲಿಯುವಾಗ ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡಿರುತ್ತಾಳೆ, ಆ ಪಿನ್ನುಗಳ ಸಂದಿಯಿಂದ ಬರುವ ಮಾತನ್ನು ಯಾವ ಮಹಾವೈಯಾಕರಣಿ ತಾನೇ ಬಿಡಿಸಿಯಾನು? ನಾನು “ಆಂ?” ಎನ್ನುತ್ತೇನೆ. ಅವಳು ಪಿನ್ನು ತೆಗೆದು ಇನ್ನೊಮ್ಮೆ ಹೇಳುತ್ತಾಳೆ. ನಾನು ಮತ್ತೆ “ಆಂ?” ಎನ್ನುತ್ತೇನೆ. ಆಗ ಅವಳು “ಏನಿಲ್ಲ ಬಿಡಿ” ಎಂದು ಮೆಷಿನ್ ತುಳಿಯುತ್ತಾಳೆ. ಈ “ಏನಿಲ್ಲ ಬಿಡಿ” ಮಾತ್ರ ಹೇಗೋ ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಎರಡನೆಯ ದೂರು ಕಾರಿನದು. ಮಾತಾಡಬೇಕಾದ ಮನುಷ್ಯರೆಲ್ಲ ಪಿಸುಗುಟ್ಟುತ್ತಿರುವಾಗ, ನನ್ನ ಹದಿನಾರು ವರ್ಷದ ಪಾಪದ ಕಾರು ಮಾತ್ರ ಕಿರುಚುತ್ತದಂತೆ. ಮೊದಲು ಪಕ್ಕದ ಮನೆಯ ನರ್ಸಮ್ಮ ಹೇಳಿದರು. ಅವರದು ರಾತ್ರಿಪಾಳಿ, ಬೆಳಗ್ಗೆ ಬಂದು ಕಣ್ಣು ಮುಚ್ಚುವ ಹೊತ್ತಿಗೆ ನಾನು ಸ್ಕೂಲಿಗೆ ಹೊರಡುತ್ತೇನೆ. “ಮೇಷ್ಟ್ರೇ, ನಿಮ್ಮ ಕಾರು ಶುರುವಾದ್ರೆ ನನ್ನ ಮಂಚ ಅಲ್ಲಾಡುತ್ತೆ” ಎಂದರು. ಮಂಚದ ಕಾಲು ಸಡಿಲವಿರಬೇಕು, ನೋಡಿಸಿ ಎಂದೆ. ಆಮೇಲೆ ನಮ್ಮ ಹೆಡ್‌ಮಿಸ್ಸು ಒಂದು ಚೀಟಿ ಕಳಿಸಿದರು: ಸೋಮವಾರದಿಂದ ಪರೀಕ್ಷೆ, ತಮ್ಮ ವಾಹನದ ಶಬ್ದ ಸರಿಹೋಗುವವರೆಗೆ ಅದನ್ನು ಗೇಟಿನೊಳಗೆ ತರಕೂಡದು. ನನಗಂತೂ ಕಾರಿನ ಗಂಟಲು ಒಂದಿಷ್ಟು ಒಡೆದಂತೆ ಕೇಳಿಸುತ್ತಿತ್ತೇ ಹೊರತು ಕಿರುಚಾಟವೇನೂ ಕಿವಿಗೆ ಬಿದ್ದಿರಲಿಲ್ಲ.

ಚೀಟಿ ಓದಿ ಹೆಂಡತಿ ಮೆಷಿನ್ ನಿಲ್ಲಿಸಿದಳು.

“ರೀ, ಕಾರಿನ ಸೈಲೆನ್ಸರ್ ತೂತು ಬಿದ್ದು ಮೂರು ತಿಂಗಳಾಯ್ತು. ಅದು ನಿಮಗೆ ಗೊತ್ತಾಗ್ತಿಲ್ಲ ಅಂದ್ರೆ, ಹಾಳಾಗಿರೋದು ಅದೊಂದೇ ಅಲ್ಲ.”

“ನನ್ನ ಕಿವಿಗೆ ಏನೂ ಆಗಿಲ್ಲ.”

“ನಾನು ಕಿವಿ ಅಂತ ಅನ್ನಲೇ ಇಲ್ಲ.”

ನಾನು ಚೀಟಿಯನ್ನು ಇನ್ನೊಮ್ಮೆ ಓದುವವನಂತೆ ತಲೆ ತಗ್ಗಿಸಿದೆ.

“ಒಂದ್ಸಲ ತೋರಿಸ್ಕೊಂಡು ಬರೋಣ. ಅರ್ಧ ಗಂಟೆ ಕೆಲಸ ಅಷ್ಟೆ” ಎಂದಳು.

“ಯಾರನ್ನ ಕರ್ಕೊಂಡು ಬರೋಣ?”

ಅವಳು ಸೂರು ನೋಡಿದಳು. ಸೂರಿನಲ್ಲಿ ಏನೂ ಇರಲಿಲ್ಲ.

ಇಲ್ಲಿ ಒಂದು ನಿಜ ಹೇಳಿಬಿಡುತ್ತೇನೆ. ನನಗೆ ಹೆದರಿಕೆ ಇತ್ತು. ನಮ್ಮ ಸ್ಕೂಲಿನಲ್ಲಿ ಒಬ್ಬ ಡ್ರಾಯಿಂಗ್ ಮೇಷ್ಟ್ರಿದ್ದರು, ಬಹಳ ಒಳ್ಳೆಯ ಕೈ. ಒಂದು ವರ್ಷ ಆ ಕೈ ನಡುಗಲು ಶುರುವಾಯಿತು. ಯಾರೂ ಅವರಿಗೆ ಕೆಟ್ಟ ಮಾತು ಆಡಲಿಲ್ಲ. ಬಹಳ ಮರ್ಯಾದೆಯಿಂದ, ಹೂವಿನ ಹಾರ ಹಾಕಿ, ಸ್ಟೋರ್ ರೂಮಿಗೆ ಕಳಿಸಿದರು. ಈಗ ಅವರು ಮುರಿದ ಬೆಂಚುಗಳನ್ನೂ ಸೀಮೆಸುಣ್ಣದ ಪೆಟ್ಟಿಗೆಗಳನ್ನೂ ಎಣಿಸಿ ಪಟ್ಟಿ ಮಾಡುತ್ತಾರೆ. ಕಿವಿ ಇಲ್ಲದ ಭಾಷೆಯ ಮೇಷ್ಟ್ರನ್ನು ಇಟ್ಟುಕೊಂಡು ಯಾರಾದರೂ ಏನು ಮಾಡುತ್ತಾರೆ? ಮಕ್ಕಳು ಓದುವುದನ್ನು ಕೇಳಿ ತಿದ್ದುವುದೇ ನನ್ನ ಕೆಲಸ. ಬೇರೆ ಕೆಲಸ ನನಗೆ ಬರುವುದೂ ಇಲ್ಲ, ಬೇಕಾಗಿಯೂ ಇಲ್ಲ. ಡಾಕ್ಟರ ಹತ್ತಿರ ಹೋಗದಿದ್ದರೆ ಕಿವಿ ಚೆನ್ನಾಗಿಯೇ ಇದೆ ಎಂದು ನಾನು ತೀರ್ಮಾನಿಸಿಕೊಂಡಿದ್ದೆ.

ಆದ್ದರಿಂದ ಆ ದಿನ ನಾನು ಒಂದು ಘನವಾದ ಒಪ್ಪಂದ ಮುಂದಿಟ್ಟೆ.

“ನೋಡು, ಭಾನುವಾರ ಈ ಸೈಲೆನ್ಸರನ್ನ ನಾನೇ ಬದಲಾಯಿಸ್ತೀನಿ. ಕಾರು ಸುಮ್ಮನಾದ್ರೆ ಈ ಮನೇಲಿ ಮತ್ತೆ ಕಿವಿ ಡಾಕ್ಟರ ಸುದ್ದಿ ಎತ್ತಬಾರದು.”

“ಸುಮ್ಮನಾಗದಿದ್ರೆ?”

“ನೀನು ಹೇಳಿದ ದಿನ, ಹೇಳಿದ ಡಾಕ್ಟರ ಹತ್ರ, ತುಟಿಪಿಟಕ್ಕನ್ನದೆ ಬರ್ತೀನಿ.”

“ಸುಮ್ಮನಾಯ್ತೋ ಇಲ್ವೋ ಅಂತ ಹೇಳೋರು ಯಾರು?”

“ನನ್ನ ಕಿವಿ.”

“ಅದೇ ಅಲ್ವಾ ಕೋರ್ಟಲ್ಲಿ ನಿಂತಿರೋದು? ಆರೋಪಿನೇ ಜಡ್ಜ್ ಆದ್ರೆ ಹೇಗೆ? ನರ್ಸಮ್ಮ ಹೇಳಲಿ.”

ಒಪ್ಪಿದೆ. ಅವಳು ಪಿನ್ನುಗಳನ್ನು ಸೂಜಿಮೆತ್ತೆಗೆ ಚುಚ್ಚಿ, ಕೈ ಮುಂದೆ ಚಾಚಿದಳು. ಕೈ ಕುಲುಕಿದೆವು.

ನಮ್ಮ ಬೀದಿಯ ಮೂಲೆಯಲ್ಲೇ ಒಂದು ಗ್ಯಾರೇಜು. ಅಲ್ಲಿನ ಮೆಕ್ಯಾನಿಕ್ ಬಹಳ ಒಳ್ಳೆಯವನು, ಆದರೆ ಅವನ ಮುಂದೆ ಹತ್ತು ದಿನಕ್ಕಾಗುವಷ್ಟು ಗಾಡಿಗಳು ಸಾಲುಗಟ್ಟಿದ್ದವು. ನಾನು ಹೋದಾಗ ಹಿಂದುಗಡೆ ಯಾರೋ ತಗಡು ಬಡಿಯುತ್ತಿದ್ದರು. “ನೀವೇ ಹಾಕ್ತೀರಾ ಮೇಷ್ಟ್ರೇ?” ಎಂದು ಅವನು ನನ್ನ ಇಸ್ತ್ರಿ ಮಾಡಿದ ಅಂಗಿಯನ್ನು ನೋಡಿ ಕೇಳಿದ. ಹೌದು ಎಂದೆ. ಹೊಸ ಸೈಲೆನ್ಸರು ತಂದುಕೊಟ್ಟ: ಪಳಪಳ ಹೊಳೆಯುವ, ತುದಿಗೊಂದು ಕೊಳವೆಯಿರುವ, ಹೊಟ್ಟೆ ಉಬ್ಬಿದ ಡಬ್ಬಿ. ಕಾರಿನ ಹೊಗೆಯೆಲ್ಲ ಇದರೊಳಗೆ ಸುತ್ತಿ ಸುಳಿದು, ಸದ್ದನ್ನು ಅಲ್ಲೇ ಬಿಟ್ಟು, ಬರಿಗೈಯಲ್ಲಿ ಹೊರಗೆ ಹೋಗಬೇಕು ಎಂದು ವಿವರಿಸಿದ. ಆಮೇಲೆ ಒಂದೊಂದಾಗಿ ಕೆಲಸ ಹೇಳತೊಡಗಿದ.

ನಾನು ಜೇಬಿನಿಂದ ನೋಟ್‌ಬುಕ್ಕು ತೆಗೆದೆ. ಇಪ್ಪತ್ತೇಳು ವರ್ಷ ಉಕ್ತಲೇಖನ ಕೊಟ್ಟವನು ಅವತ್ತು ಉಕ್ತಲೇಖನ ತೆಗೆದುಕೊಂಡೆ. ಅವನು ಹೇಳಿದ್ದನ್ನು ಹೇಳಿದಂತೆಯೇ, ಗೆರೆ ತಪ್ಪದೆ, ಒತ್ತಕ್ಷರ ಸಮೇತ ಬರೆದುಕೊಂಡೆ. ಒಂದು: ಕಾರನ್ನು ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಡದೆ ಒಳಗೆ ತಲೆ ಹಾಕಬೇಡಿ. ಎರಡು: ತುಕ್ಕಿನ ಮೇಲೆ ಎಣ್ಣೆ ಬಿಟ್ಟು ಒಂದು ಗಂಟೆ ಕಾಯಿರಿ. ಮೂರು: ಇಂಜಿನ್ ಹತ್ತಿರದ ಮೂರು ನಟ್ಟು ಬಿಚ್ಚಿಬಿಡಿ. ನಾಲ್ಕು: ನಡುವಿನ ಕ್ಲಾಂಪು ಸಡಿಲಿಸಿ ಹಳೆಯದನ್ನು ಹಿಂದಕ್ಕೆ ಎಳೆಯಿರಿ. ಬರೆದು ಮುಗಿಸಿ, ಎಷ್ಟು ಚೆನ್ನಾಗಿ ಪಾಠ ಹೇಳ್ತೀಯಪ್ಪ ಎಂದು ಅವನ ಬೆನ್ನು ತಟ್ಟಿ ಬಂದೆ.

ಭಾನುವಾರ ಬೆಳಗ್ಗೆ ತಿಂಡಿಯಾದ ಮೇಲೆ ಕೆಲಸಕ್ಕೆ ಇಳಿದೆ. ಹಳೆಯ ಪೈಜಾಮ, ತಲೆಗೆ ಟವೆಲ್ಲು, ಕಣ್ಣಿಗೆ ಹೆಂಡತಿಯ ಹಳೆಯ ಕನ್ನಡಕ. ಚಕ್ರಕ್ಕೆ ಕಲ್ಲು ಕೊಟ್ಟು, ಜಾಕಿನಿಂದ ಕಾರನ್ನು ಎತ್ತಿ, ಮೆಕ್ಯಾನಿಕ್ ಕೊಟ್ಟ ಎರಡು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಿದೆ. ಹಳೆಯ ಜಮಖಾನ ಹಾಸಿ, ಬೆನ್ನ ಮೇಲೆ ಮಲಗಿ, ಒಳಗೆ ಸರಿದೆ.

ಕಾರಿನ ಕೆಳಗಿನಿಂದ ಕಾರನ್ನು ನೋಡುವುದು ಒಂದು ದೊಡ್ಡ ಪಾಠ. ಮೇಲಿನಿಂದ ತೊಳೆದು ಒರೆಸಿ ಇಟ್ಟುಕೊಂಡದ್ದು ಕೆಳಗೆ ಎಷ್ಟೆಲ್ಲ ಅನುಭವಿಸಿರುತ್ತದೆ ಎಂಬುದು ಅಲ್ಲಿ ಗೊತ್ತಾಗುತ್ತದೆ. ಸೈಲೆನ್ಸರಿನ ಹೊಟ್ಟೆಯಲ್ಲಿ ನನ್ನ ಹಿಡಿ ಹೋಗುವಷ್ಟು ದೊಡ್ಡ ತೂತು. ಕೈ ತಾಗಿಸಿದರೆ ಸಾಕು, ತುಕ್ಕು ಹಪ್ಪಳದಂತೆ ಎದ್ದು ಮುಖದ ಮೇಲೆ ಬೀಳುತ್ತಿತ್ತು. ಒಂದು ಚೂರು ಕಿವಿಯೊಳಗೇ ಬಿತ್ತು. ಹೆಂಡತಿ ಹೊಲಿಗೆ ಡಬ್ಬಿಯಿಂದ ಹತ್ತಿ ತಂದು ಎರಡು ಕಿವಿಗೂ ತುರುಕಿದಳು.

ಈಗ ಮಾತು ಪೂರ್ತಿ ನಿಂತಿತು. ಅವಳು ಹೊರಗೆ ಕುಕ್ಕರಗಾಲಲ್ಲಿ ಕೂತು ಸ್ಪ್ಯಾನರು ಕೊಡಬೇಕು, ನಾನು ಒಳಗೆ ಮಲಗಿ ಕೇಳಬೇಕು. ಕೊನೆಗೆ ಅವಳೇ ಒಂದು ಉಪಾಯ ಮಾಡಿದಳು. ಹೊರಗೆ ಚಾಚಿಕೊಂಡಿದ್ದ ನನ್ನ ಮೊಣಕಾಲಿನ ಮೇಲೆ ಒಂದು ಸಲ ತಟ್ಟಿದರೆ ‘ತಡೀರಿ’, ಎರಡು ಸಲ ತಟ್ಟಿದರೆ ‘ಸರಿ’, ಉಗುರಿನಿಂದ ಗೀರಿದರೆ ‘ಏನು ಬೇಕು?’ ನಾನು ಬೆರಳಲ್ಲಿ ನಂಬರು ತೋರಿಸುತ್ತಿದ್ದೆ, ಅವಳು ಆ ನಂಬರಿನ ಸ್ಪ್ಯಾನರು ಅಂಗೈಗೆ ಇಡುತ್ತಿದ್ದಳು. ಒಂದು ಗಂಟೆ ಹೊತ್ತು ನಾವು ಹೀಗೆ ಮಾತಾಡಿದೆವು. ಒಂದೇ ಒಂದು ಸಲವೂ ನಾನು “ಆಂ?” ಅನ್ನಲಿಲ್ಲ, ಅವಳು “ಏನಿಲ್ಲ ಬಿಡಿ” ಅನ್ನಲಿಲ್ಲ. ಎರಡು ವರ್ಷದಲ್ಲಿ ನಮ್ಮಿಬ್ಬರ ನಡುವೆ ಇಷ್ಟು ಹೊತ್ತು ಜಗಳವಿಲ್ಲದ ಮಾತುಕತೆ ನಡೆದದ್ದು ಅದೇ ಮೊದಲು ಎಂದು ಜಮಖಾನದ ಮೇಲೆ ಮಲಗಿ ನಾನು ಯೋಚಿಸಿದ್ದುಂಟು. ಆದರೆ ಯೋಚನೆಯನ್ನು ಮುಂದುವರಿಸಲು ತುಕ್ಕು ಬಿಡಲಿಲ್ಲ.

ಮೂರನೆಯ ಸಾಲಿನ ಕೆಲಸಕ್ಕೆ ಬಂದೆ. ಇಂಜಿನ್ ಹತ್ತಿರದ ಮೂರು ನಟ್ಟು. ಅತ್ತ ಸರಿಯುತ್ತಿದ್ದಂತೆ ಮೊಣಕಾಲಿಗೆ ಒಂದು ತಟ್ಟು ಬಿತ್ತು. ಅದರ ಹಿಂದೆಯೇ ಇನ್ನೊಂದು, ಮತ್ತೊಂದು. ಇದು ನಮ್ಮ ನಿಘಂಟಿನಲ್ಲಿ ಇರಲಿಲ್ಲ. ಹೊರಗೆ ಬಂದು ಹತ್ತಿ ತೆಗೆದೆ.

“ಅಲ್ಲೇನು ಮಾಡ್ತಿದ್ದೀರಿ? ಹಾಳಾಗಿರೋದು ಹಿಂದೆ, ನೀವು ಮುಂದಕ್ಕೆ ಹೋಗ್ತಿದ್ದೀರಲ್ಲ?” ಎಂದು ಅವಳು ಬಾಗಿ ಕೂಗಿದಳು.

“ಬರೆದುಕೊಂಡು ಬಂದಿದ್ದೀನಿ ಕಣೇ, ನೋಡು” ಎಂದು ನೋಟ್‌ಬುಕ್ಕು ಹಿಡಿದೆ.

ಅವಳು ಓದಿದಳು. “ತೋಳು ಹರಿದ್ರೆ ಕಾಲರು ಬಿಚ್ಚು ಅಂತ ಯಾವ ಟೈಲರೂ ಹೇಳಲ್ಲ. ಹೋಗಿ ಇನ್ನೊಂದ್ಸಲ ಕೇಳ್ಕೊಂಡು ಬನ್ನಿ, ಎರಡು ಹೆಜ್ಜೆ.”

“ಉಕ್ತಲೇಖನ ತಗೊಂಡು ಬಂದವನು, ಸರಿಯಾಗಿ ಕೇಳಿಸಲಿಲ್ಲ ಇನ್ನೊಂದ್ಸಲ ಹೇಳಪ್ಪ ಅಂತ ಹೋಗಿ ನಿಲ್ಲಲಾ? ನಮ್ಮ ಕ್ಲಾಸಲ್ಲಿ ಹಾಗೆ ಕೇಳೋ ಹುಡುಗರನ್ನ ನಾನೇ ಕೂರಿಸ್ತೀನಿ” ಎಂದೆ. ಮತ್ತೆ ಹತ್ತಿ ತುರುಕಿಕೊಂಡು ಒಳಗೆ ಹೋದೆ.

ಮೊದಲನೆಯ ನಟ್ಟು ಬಂತು. ಎರಡನೆಯದೂ ಅತ್ತು ಕರೆದು ಬಂತು. ಮೂರನೆಯದು ಮಿಸುಕಲಿಲ್ಲ. ಸ್ಪ್ಯಾನರಿಗೆ ಕಬ್ಬಿಣದ ಪೈಪು ಸಿಕ್ಕಿಸಿ, ಎರಡು ಕೈಯಲ್ಲಿ ಹಿಡಿದು, ಹಲ್ಲು ಕಚ್ಚಿ ಎಳೆದೆ. ಏನೋ ಮುರಿದದ್ದು ಮಣಿಕಟ್ಟಿಗೆ ಗೊತ್ತಾಯಿತು. ನಟ್ಟು ತನ್ನ ಬೋಲ್ಟಿನ ಅರ್ಧ ದೇಹದೊಂದಿಗೆ ನನ್ನ ಕೈಗೆ ಬಂತು, ಮತ್ತು ಅಷ್ಟು ಹೊತ್ತು ಗಂಭೀರವಾಗಿ ಮೇಲೆ ಇದ್ದ ಉದ್ದನೆಯ ಹೊಗೆಕೊಳವೆ ನಿಧಾನವಾಗಿ ಇಳಿದು ನನ್ನ ಎದೆಯ ಮೇಲೆ ಮಲಗಿತು. ಹೆಂಡತಿ ಮೊಣಕಾಲಿನ ಮೇಲೆ ಉಗುರಿನಿಂದ ಗೀರಿದಳು. ಏನೂ ಬೇಡ ಎಂದು ಕೈ ಆಡಿಸಿದೆ.

ಮುಂದಿನದೆಲ್ಲ ಚುಟುಕಾಗಿ ಹೇಳುತ್ತೇನೆ. ಕ್ಲಾಂಪು ಬಿಚ್ಚಲಿಲ್ಲ, ಕಬ್ಬಿಣ ಕೊಯ್ಯುವ ಆಕ್ಸಾ ಬ್ಲೇಡಿನಿಂದ ಕೊಯ್ದೆ. ಸೈಲೆನ್ಸರನ್ನು ತೂಗುಹಾಕುವ ರಬ್ಬರ್ ಬಳೆಗಳಿಗೆ ಸೋಪಿನ ನೀರು ಬಿಟ್ಟು ಜಾರಿಸಿದೆ, ಈ ಉಪಾಯವೂ ಹೆಂಡತಿಯದೇ. ಹೊಸ ಡಬ್ಬಿಯನ್ನು ಹಿಂದೆ ತೂಗುಹಾಕಿ ಹೊಸ ಕ್ಲಾಂಪು ಬಿಗಿದೆ. ಇಂಜಿನ್ ಹತ್ತಿರದ ಎರಡು ನಟ್ಟು ಮತ್ತೆ ಹಾಕಿದೆ, ಮೂರನೆಯ ಜಾಗಕ್ಕೆ ಕಟ್ಟುವ ತಂತಿ ಸುತ್ತಿದೆ. ಮಧ್ಯಾಹ್ನ ಎರಡು ಗಂಟೆಗೆ ಹೊರಗೆ ಬಂದು ಎದ್ದು ನಿಂತಾಗ ನನ್ನ ಬೆನ್ನು ಪ್ರಶ್ನಾರ್ಥಕ ಚಿಹ್ನೆಯ ಹಾಗೆ ಇತ್ತು. ಆದರೆ ಹಿಂದಿನಿಂದ ಬಗ್ಗಿ ನೋಡಿದರೆ ಹೊಸ ಸೈಲೆನ್ಸರು ಬಿಸಿಲಿಗೆ ಹೊಳೆಯುತ್ತಿತ್ತು. ನನಗೆ ಕಣ್ಣಲ್ಲಿ ನೀರು ಬಂತು. ಸ್ವಲ್ಪ ತುಕ್ಕಿನಿಂದ, ಸ್ವಲ್ಪ ಹೆಮ್ಮೆಯಿಂದ.

ಕಾರನ್ನು ಇಳಿಸಿ, ಒಳಗೆ ಕೂತು, ಕೀಲಿ ತಿರುಗಿಸಿದೆ.

ಆಹಾ! ಗುಂ ಎಂಬ ಒಂದು ಮೃದುವಾದ ನಾದ, ಅಷ್ಟೇ. ಸೀಟು ಮಾತ್ರ ಒಂದಿಷ್ಟು ಅದುರುತ್ತಿತ್ತು, ಅದು ಇಂಜಿನ್ನಿನ ಉತ್ಸಾಹ ಎಂದುಕೊಂಡೆ. ಗೆದ್ದೆ! ನನ್ನ ಕಿವಿಗೂ ಏನೂ ಆಗಿಲ್ಲ, ನನ್ನ ಕ್ಲಾಸಿಗೂ ಏನೂ ಆಗುವುದಿಲ್ಲ. ಸಂತೋಷ ತಡೆಯಲಾರದೆ ಕಾಲು ಒತ್ತಿ ಇನ್ನಷ್ಟು ವೇಗ ಕೊಟ್ಟೆ. ಕಿಟಕಿಯಿಂದ ತಲೆ ಹೊರಗೆ ಹಾಕಿ, “ಕೇಳಿಸ್ತಾ? ಕೇಳಿಸ್ತಾ ಏನಾದ್ರೂ?” ಎಂದು ಹೆಂಡತಿಯನ್ನು ಕೇಳಿದೆ.

ಅವಳು ಎರಡು ಕಿವಿಗೂ ಅಂಗೈ ಒತ್ತಿಕೊಂಡು ನಿಂತಿದ್ದಳು.

ನಾಟಕ ಎಂದುಕೊಂಡೆ. ಆಮೇಲೆ ನೋಡಿದರೆ, ನೆಲದ ಮೇಲೆ ಪಾತ್ರೆಯ ಮುಚ್ಚಳದಲ್ಲಿ ಇಟ್ಟಿದ್ದ ಮಿಕ್ಕ ನಟ್ಟು ಬೋಲ್ಟುಗಳು ತಾವಾಗಿಯೇ ಕುಣಿಯುತ್ತಿದ್ದವು. ಕರೆಂಟು ತಂತಿಯ ಮೇಲೆ ಕೂರುವ ಕಾಗೆಗಳಲ್ಲಿ ಒಂದೂ ಇರಲಿಲ್ಲ. ಪಕ್ಕದ ಮನೆಯ ಕಿಟಕಿಯ ಗಾಜು ನಡುಗುತ್ತಿತ್ತು. ಆ ಮನೆಯ ಬಾಗಿಲು ತೆರೆದು ನರ್ಸಮ್ಮ ದಿಂಬು ಹಿಡಿದುಕೊಂಡೇ ಹೊರಗೆ ಬಂದರು. ಅವರ ಬಾಯಿ ಬಹಳ ದೊಡ್ಡದಾಗಿ ತೆರೆದು ಮುಚ್ಚಿ ಮಾಡುತ್ತಿತ್ತು, ಅದರೊಳಗಿಂದ ಒಂದಕ್ಷರವೂ ನನ್ನ ಹತ್ತಿರ ಬರಲಿಲ್ಲ.

ಸಟ್ಟನೆ ನೆನಪಾಯಿತು. ಹತ್ತಿ! ಕಿವಿಯಲ್ಲಿ ಹತ್ತಿ ಇದೆಯಲ್ಲ! ಎಂಥ ದಡ್ಡ ನಾನು ಎಂದು ನಗು ಬಂತು. ಸದ್ದಿದ್ದರೂ ಕೇಳಿಸದಿರುವುದಕ್ಕೆ ಇದೇ ಕಾರಣ, ಕಿವಿಯ ತಪ್ಪಲ್ಲ. ಇಂಜಿನ್ ಓಡುತ್ತಿರುವಂತೆಯೇ ಎರಡು ಕಿವಿಯಿಂದಲೂ ಹತ್ತಿ ಕಿತ್ತು ತೆಗೆದೆ.

ಗುಂ ಎಂಬುದು ಗುಂಯ್ ಎಂದಾಯಿತು. ಅಷ್ಟೇ.

ಕೈಯಲ್ಲಿ ಹತ್ತಿ ಹಿಡಿದುಕೊಂಡು ಕೂತೆ. ಎದುರಿಗೆ ಕಿವಿ ಮುಚ್ಚಿಕೊಂಡ ಹೆಂಡತಿ, ಆಚೆಗೆ ದಿಂಬು ಹಿಡಿದ ನರ್ಸಮ್ಮ, ಕುಣಿಯುವ ನಟ್ಟುಗಳು. ನನ್ನ ಸುತ್ತ ಏನೋ ಭಾರಿ ಗದ್ದಲ ನಡೆಯುತ್ತಿತ್ತು, ನಾನೊಬ್ಬ ಮಾತ್ರ ಅದರ ಹೊರಗಿದ್ದೆ. ಆಗ ನನಗೆ ನಿಜವಾಗಿ ಭಯವಾಯಿತು. ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸಿದೆ. ನಿಂತದ್ದು ಸದ್ದಿನಿಂದ ಗೊತ್ತಾಗಲಿಲ್ಲ, ಹೆಂಡತಿ ಕಿವಿಯಿಂದ ಕೈ ತೆಗೆದದ್ದರಿಂದ ಗೊತ್ತಾಯಿತು.

ಅಷ್ಟರಲ್ಲಿ ಮೂಲೆಯ ಗ್ಯಾರೇಜಿನಿಂದ ಮೆಕ್ಯಾನಿಕ್ ಓಡುತ್ತಾ ಬಂದ. ಯಾರೂ ಅವನನ್ನು ಕರೆದಿರಲಿಲ್ಲ, ಅವನಿಗೆ ಅಲ್ಲಿಯವರೆಗೂ ಕೇಳಿಸಿತ್ತು. ನೆಲಕ್ಕೆ ಕೆನ್ನೆ ಹಚ್ಚಿ ಕಾರಿನ ಕೆಳಗೆ ನೋಡಿದ. ಎದ್ದು, ಕೈ ಒರೆಸಿಕೊಂಡು, ಬಹಳ ಜೋರಾಗಿ ಹೇಳಿದ.

“ಹೊಸದು ಬಹಳ ಚೆನ್ನಾಗಿ ಕೂರಿಸಿದ್ದೀರಿ ಮೇಷ್ಟ್ರೇ. ಆದ್ರೆ ಹೊಗೆ ಅಲ್ಲಿವರೆಗೆ ಹೋದ್ರೆ ತಾನೇ? ಎಲ್ಲಾ ಇಂಜಿನ್ ಹತ್ರಾನೇ ಹೊರಗೆ ಬರ್ತಿದೆ. ಆ ಮೂರು ನಟ್ಟು ಯಾಕೆ ಮುಟ್ಟಿದ್ರಿ? ಅದು ತುಕ್ಕು ಹಿಡಿದಿದೆ, ಮುರಿದ್ರೆ ಕಷ್ಟ, ಬಿಚ್ಚಬೇಡಿ ಅಂತ ಹೇಳಿದ್ನಲ್ಲ?”

“ಬಿಚ್ಚಿಬಿಡಿ ಅಂದೆ ನೀನು.”

“ಬಿಚ್ಚ, ಬೇ, ಡಿ.”

ಹೆಂಡತಿ ನೋಟ್‌ಬುಕ್ಕು ತೆಗೆದು ಅವನ ಮುಂದೆ ಹಿಡಿದಳು. ಅವನು ಓದಿ ನೆಲ ನೋಡಿದ. ನಾನೂ ಆ ಪುಟ ನೋಡಿದೆ. ನನ್ನದೇ ಮುದ್ದಾದ ಅಕ್ಷರ, ಒತ್ತು, ಗುಣಿತ ಎಲ್ಲವೂ ಅಚ್ಚುಕಟ್ಟು. ಚ್ಚ ಇರಬೇಕಾದಲ್ಲಿ ಚ್ಚಿ, ಬೇ ಇರಬೇಕಾದಲ್ಲಿ ಬಿ. ಯಾವನಾದರೂ ಹುಡುಗ ಹೀಗೆ ಬರೆದಿದ್ದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ‘ಕಿವಿಗೊಟ್ಟು ಕೇಳು’ ಎಂದು ಪಕ್ಕದಲ್ಲಿ ಬರೆಯುತ್ತಿದ್ದೆ.

ನರ್ಸಮ್ಮ ತೀರ್ಪು ಕೊಡಲು ಬಾಯಿ ತೆರೆದರು. ಹೆಂಡತಿ ಬೇಡ ಎಂದು ಕೈ ತೋರಿಸಿದಳು. ಅವರು ದಿಂಬು ಅಪ್ಪಿಕೊಂಡು ಒಳಗೆ ಹೋದರು.

ಮೆಕ್ಯಾನಿಕ್ ಕಾರನ್ನು ತಳ್ಳಿಸಿಕೊಂಡು ಹೋದ ಮೇಲೆ ನಾವಿಬ್ಬರೂ ಮೆಟ್ಟಿಲ ಮೇಲೆ ಕೂತೆವು. ಅವಳು ನನ್ನ ಎಡಗಡೆ ಕೂತವಳು ಎದ್ದು ಬಂದು ಬಲಗಡೆ ಕೂತಳು. ಯಾಕೆ ಎಂದು ಕೇಳಿದೆ.

“ಈ ಕಡೆಯದು ಸ್ವಲ್ಪ ಪರವಾಗಿಲ್ಲ” ಎಂದಳು.

“ಯಾವಾಗಿಂದ?”

“ಒಂದೂವರೆ ವರ್ಷ ಆಯ್ತು. ರಸ್ತೇಲಿ ನಡೆಯುವಾಗ, ಬಸ್ಸಲ್ಲಿ, ಎಲ್ಲಾ ಕಡೆ ಈ ಪಕ್ಕನೇ ಬರ್ತೀನಲ್ಲ. ನೀವು ನೋಡಿಲ್ಲ.”

ನಾನು ಅದನ್ನು ನೋಡಿದ್ದೆ. ಕಿಟಕಿಯ ಸೀಟಿಗಾಗಿ ಹಟ ಮಾಡುತ್ತಾಳೆ ಎಂದು ಎರಡು ಸಲ ಬೈದೂ ಇದ್ದೆ. ಅದನ್ನು ಈಗ ಹೇಳಲು ನಾಚಿಕೆಯಾಯಿತು. “ಸ್ಟೋರ್ ರೂಮಿಗೆ ಹಾಕ್ತಾರೆ ಕಣೇ ನನ್ನ” ಎಂದೆ. ಅವಳು ನನ್ನ ಮುಖದ ಮಸಿಯನ್ನು ಸೆರಗಿನಿಂದ ಒರೆಸಿದಳೇ ಹೊರತು ಹಾಗೇನೂ ಆಗಲ್ಲ ಎಂದು ಸುಳ್ಳು ಸಮಾಧಾನ ಹೇಳಲಿಲ್ಲ. ಗುರುವಾರಕ್ಕೆ ಹೆಸರು ಬರೆಸಿದ್ದೇನೆ ಎಂದಳು. ಒಪ್ಪಂದಕ್ಕೂ ಮೊದಲೇ ಬರೆಸಿದ್ದಳಂತೆ.

ಗುರುವಾರ ಬಸ್ಸಿನಲ್ಲಿ ಹೋದೆವು. ಕಿವಿ ಪರೀಕ್ಷೆ ಮಾಡುವ ಡಾಕ್ಟರಮ್ಮನಿಗೆ ಹೆಚ್ಚೆಂದರೆ ಮೂವತ್ತು ವರ್ಷ. ಒಂದು ಸಣ್ಣ ಗಾಜಿನ ಕೋಣೆಯಲ್ಲಿ ನನ್ನನ್ನು ಕೂರಿಸಿ ಕಿವಿಗೆ ಹೆಡ್‌ಫೋನು ಹಾಕಿದರು. ಶಬ್ದ ಕೇಳಿಸಿದಾಗಲೆಲ್ಲ ಕೈ ಎತ್ತಬೇಕು, ಅಷ್ಟೇ ಪರೀಕ್ಷೆ. ಅವರು ಗಾಜಿನಾಚೆ ಯಂತ್ರದ ಮುಂದೆ ಕೂತರು, ಹೆಂಡತಿ ಮೂಲೆಯ ಕುರ್ಚಿಯಲ್ಲಿ. ಮೊದಲ ಎರಡು ಶಬ್ದ ಕೇಳಿಸಿದವು, ಕೈ ಎತ್ತಿದೆ. ಆಮೇಲೆ ಏನೂ ಬರಲಿಲ್ಲ. ಆಗ ಕಂಡಿತು: ಶಬ್ದ ಕಳಿಸುವ ಮೊದಲು ಡಾಕ್ಟರಮ್ಮನ ಬಲಭುಜ ಸ್ವಲ್ಪ ಮೇಲೆ ಹೋಗುತ್ತಿತ್ತು.

ಇಪ್ಪತ್ತೇಳು ವರ್ಷ ಪರೀಕ್ಷಾ ಕೋಣೆಯಲ್ಲಿ ನಿಂತು ಎಷ್ಟು ಕಳ್ಳರನ್ನು ಹಿಡಿದಿದ್ದೇನೆ! ಈಗ ಅವರ ಸಾಲಿನಲ್ಲಿ ನಾನೂ ಕೂತೆ. ಭುಜ ಎದ್ದಾಗಲೆಲ್ಲ ಕೈ ಎತ್ತಿದೆ. ಅನುಮಾನ ಬಾರದಿರಲೆಂದು ಒಂದೆರಡು ಸಲ ಸ್ವಲ್ಪ ಯೋಚಿಸಿದವನಂತೆ ನಟಿಸಿಯೂ ಎತ್ತಿದೆ.

ಡಾಕ್ಟರಮ್ಮ ಎದ್ದು ಒಳಗೆ ಬಂದು ಹೆಡ್‌ಫೋನು ಸರಿಸಿದರು. “ತುಂಬಾ ಚುರುಕಾಗಿ ಕೈ ಎತ್ತಿದ್ರಿ ಸರ್. ಕೊನೆಯ ಏಳು ಸಲ ನಾನು ಶಬ್ದ ಹಾಕಲೇ ಇಲ್ಲ, ಸುಮ್ಮನೆ ಭುಜ ಕುಣಿಸಿದೆ.”

ನನ್ನ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿದರು. ಗೋಡೆ ನೋಡುತ್ತಾ ಕೂತು ನಾನು ಪರೀಕ್ಷೆ ಮತ್ತೆ ಬರೆದೆ. ಬಹಳ ಹೊತ್ತು ಏನೂ ಕೇಳಿಸದೆ ಕೂರುತ್ತಿದ್ದೆ. ಶಬ್ದ ಬಂದಿಲ್ಲವೋ, ಬಂದು ನನ್ನನ್ನು ದಾಟಿ ಹೋಯಿತೋ ತಿಳಿಯುತ್ತಿರಲಿಲ್ಲ. ಹೆಂಡತಿಯ ಮಾತೂ ಹೀಗೆಯೇ ನನ್ನ ಹತ್ತಿರ ಬಂದು ಬಂದು ದಾಟಿ ಹೋಗಿರಬೇಕು ಅನ್ನಿಸಿ ಸಂಕಟವಾಯಿತು. ಕೇಳಿಸಿದಾಗ ಮಾತ್ರ ಕೈ ಎತ್ತಬೇಕೆಂದು ಆಗ ನಿರ್ಧಾರ ಮಾಡಿದೆ.

ಫಲಿತಾಂಶ ಹೇಳುವುದಿಲ್ಲ. ಪಾಸಾಗಿರಲಿಲ್ಲ ಎಂದಷ್ಟೇ ತಿಳಿಯಿರಿ. ಡಾಕ್ಟರಮ್ಮ ಕಿವಿಯ ಹಿಂದೆ ಕೂರುವ, ಹುಣಿಸೆಬೀಜದಷ್ಟು ದೊಡ್ಡ ಎರಡು ಯಂತ್ರ ತೆಗೆದರು. ನಾನು ಕೇಳಬೇಕಾದದ್ದನ್ನು ಕೇಳಿದೆ.

“ಇದನ್ನ ಹಾಕ್ಕೊಂಡು ಕ್ಲಾಸು ತಗೋಬಹುದಾ ಡಾಕ್ಟ್ರೇ?”

“ಇದನ್ನ ಹಾಕ್ಕೊಳ್ದೆ ತಗೋಬಾರದು ಸರ್” ಎಂದರು. “ಪಾಠ ಎಲ್ಲಿಗೂ ಹೋಗಲ್ಲ. ನೋಡೋಣ, ಇದು ನಿಮಗೆ ಎಷ್ಟು ಸಹಾಯ ಮಾಡುತ್ತೆ ಅಂತ.”

ಯಂತ್ರ ಕೂರಿಸಿದರು. ಇದ್ದಕ್ಕಿದ್ದಂತೆ ಕೋಣೆ ತುಂಬಿಕೊಂಡಿತು. ಫ್ಯಾನು, ಕಾಗದ, ಯಾರದೋ ಚಪ್ಪಲಿ, ಎಲ್ಲಕ್ಕೂ ಸದ್ದು ಬಂತು. ಆಮೇಲೆ ಇನ್ನೊಂದು ಪರೀಕ್ಷೆ: ನಾನು ಗೋಡೆ ನೋಡುತ್ತಲೇ ಕೂರಬೇಕು, ಹಿಂದಿನಿಂದ ಹೆಂಡತಿ ಮಾಮೂಲಿ ದನಿಯಲ್ಲಿ ಏನಾದರೂ ಹೇಳಬೇಕು, ನಾನು ಅದನ್ನು ಅಕ್ಷರ ಬಿಡದೆ ತಿರುಗಿ ಹೇಳಬೇಕು. “ಅವರು ಊಹೆ ಮಾಡೋಕಾಗದೆ ಇರೋಂಥ ಮಾತು ಹೇಳಿ ಮೇಡಂ” ಎಂದರು ಡಾಕ್ಟರಮ್ಮ.

ಹೆಂಡತಿ ಉಸಿರು ಎಳೆದುಕೊಂಡದ್ದು ಕೂಡ ನನಗೆ ಕೇಳಿಸಿತು. ಆಮೇಲೆ ಮೆಲ್ಲಗೆ ಹೇಳಿದಳು.

ನಾನು ಒಳ್ಳೆಯ ವಿದ್ಯಾರ್ಥಿಯಂತೆ ಬೆನ್ನು ನೆಟ್ಟಗೆ ಮಾಡಿ, ಹ್ರಸ್ವ ಹ್ರಸ್ವವಾಗಿ, ದೀರ್ಘ ದೀರ್ಘವಾಗಿ, ಗಟ್ಟಿಯಾಗಿ ಒಪ್ಪಿಸಿದೆ: “ಹೋದ ವರ್ಷ ಸ್ಕೂಲಿನ ದೊಡ್ಡ ಸಭೇಲಿ ನೀವು ಮುಕ್ಕಾಲು ಗಂಟೆ ಭಾಷಣ ಮಾಡಿದ್ರಲ್ಲ, ಆವತ್ತು ಮೈಕು ಮೊದಲಿಂದ ಕೊನೆವರೆಗೂ ಆಫ್ ಆಗಿತ್ತು.”

ಉಕ್ತಲೇಖನದಲ್ಲಿ ಹೀಗಾಗುವುದುಂಟು. ಕೈ ಮುಂದೆ ಬರೆಯುತ್ತಾ ಹೋಗುತ್ತದೆ, ಅರ್ಥ ಹಿಂದಿನಿಂದ ಬಂದು ಸೇರುತ್ತದೆ.

“ಒಂದಕ್ಷರ ತಪ್ಪಿಲ್ಲ” ಎಂದು ಡಾಕ್ಟರಮ್ಮ ಕಾಗದದ ಮೇಲೆ ಗುರುತು ಹಾಕಿದರು. ಪೆನ್ನಿನ ಸದ್ದಿನ ಜೊತೆಗೆ ಅವರು ನಗು ಅದುಮುತ್ತಿದ್ದ ಸದ್ದೂ ಕೇಳಿಸಿತು.

“ಮತ್ತೆ ಜನ ಚಪ್ಪಾಳೆ ತಟ್ಟಿದ್ರಲ್ಲ?” ಎಂದು ಗೋಡೆಯನ್ನೇ ಕೇಳಿದೆ.

“ಮುಗೀತಲ್ಲ ಅಂತ ತಟ್ಟಿದ್ರು.”

“ಆವತ್ತೇ ನನಗೆ ಹೇಳಬಾರದಿತ್ತಾ?”

“ಹೇಳಿದೆ ರೀ. ವೇದಿಕೆ ಮೆಟ್ಟಿಲು ಇಳೀತಿದ್ದ ಹಾಗೇನೇ ಕಿವಿ ಹತ್ರ ಬಂದು ಹೇಳಿದೆ. ನೀವು ನನ್ನ ಕೈ ಹಿಡ್ಕೊಂಡು ‘ಥ್ಯಾಂಕ್ಸ್ ಕಣೇ’ ಅಂದ್ರಿ. ಅಷ್ಟು ಖುಷಿಯಾಗಿದ್ದೋರಿಗೆ ಎರಡನೇ ಸಲ ಕೂಗಿ ಹೇಳೋಕೆ ನನಗೆ ಮನಸ್ಸು ಬರಲಿಲ್ಲ.”

ಕೋಣೆಯಲ್ಲಿ ಫ್ಯಾನು ತಿರುಗುವುದು ಕೇಳಿಸುತ್ತಿತ್ತು.

“ಹೂಂ ಸರ್” ಎಂದರು ಡಾಕ್ಟರಮ್ಮ, “ಇದನ್ನೂ ತಿರುಗಿ ಹೇಳಿ.”